ಹೋದ ವರ್ಷದ ಬೈಕು, ಈ ವರ್ಷದ ಸಿಟ್ಟು

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಲ್ಲಿ ನನ್ನದು ಕಿರಾಣಿ ಅಂಗಡಿ. ತಮ್ಮ ಚನ್ನಗಿರಿ ಕಡೆ ಅಡಿಕೆ ತೋಟ ನೋಡಿಕೊಂಡು ಅವ್ವನ ಜೊತೆ ಇದ್ದಾನೆ. ಶ್ರಾವಣದಲ್ಲಿ ಅವ್ವನಿಗೆ ದಾವಣಗೆರೆಯಲ್ಲೇ ಸೊಂಟದ ಆಪರೇಷನ್ ಆಯಿತು. ಎರಡು ರಾತ್ರಿ ಆಸ್ಪತ್ರೆಯಲ್ಲಿರು ಅಂದ. ವ್ಯಾಪಾರದ ಸೀಸನ್, ಆಗಲಿಲ್ಲ. ಅವನೋ ಶೋಕಿ ಮನುಷ್ಯ. ಹೋದ ವರ್ಷ ಎರಡು ಲಕ್ಷದ ಬೈಕ್ ತಗೊಂಡ. ಆಗ ಸುಮ್ಮನಿದ್ದೆ, ಈಗ ಅದನ್ನು ಕಂಡರೆ ಮೈ ಉರಿಯುತ್ತದೆ. ತೋಟದ ಲೆಕ್ಕ ಕೊಡಲ್ಲ, ಫೋನೂ ಮಾಡಲ್ಲ. ಬುದ್ಧಿ ಹೇಳುವುದು ಹೇಗೆ?

ಉತ್ತರ: ಬೈಕ್ ಬಂದಿದ್ದು ಹೋದ ವರ್ಷ. ಮೈ ಉರಿ ಶುರುವಾಗಿದ್ದು ಈಗ. ನಡುವೆ ಆಗಿದ್ದೇನು? ಆಸ್ಪತ್ರೆಯ ಆ ಎರಡು ರಾತ್ರಿ, ಅಲ್ವಾ?

ಹೋಗಬೇಕು ಅಂತ ನಿಮಗೂ ಅನಿಸಿರಬೇಕು. ಇಲ್ಲದಿದ್ದರೆ ಆ ಮಾತು ಪತ್ರದಲ್ಲಿ ಬರುತ್ತಲೇ ಇರಲಿಲ್ಲ. 'ನಾನು ಒಳ್ಳೆಯ ಮಗ' ಅನ್ನುವುದಕ್ಕೂ ಹೋಗದೆ ಉಳಿದಿದ್ದಕ್ಕೂ ತಾಳೆಯಾಗುವುದಿಲ್ಲ. ಆಗ ಮನಸ್ಸು ತಮ್ಮನ ಬೆಲೆ ಇಳಿಸಿ ಲೆಕ್ಕ ಸರಿಮಾಡುತ್ತದೆ. ಇದು ಬೇಕಂತಲೇ ಹೇಳುವ ಸುಳ್ಳಲ್ಲ. ನಮಗೇ ಗೊತ್ತಾಗದಷ್ಟು ಸಲೀಸಾಗಿ ನಡೆದುಬಿಡುತ್ತದೆ.

1960ರಲ್ಲಿ ಕೀತ್ ಡೇವಿಸ್ ಮತ್ತು ಎಡ್ವರ್ಡ್ ಜೋನ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಂದ ಇನ್ನೊಬ್ಬನಿಗೆ ಕೇಳುವಂತೆ ಅವನ ಬಗ್ಗೆಯೇ ಕಟು ಮಾತು ಓದಿಸಿದರು. ತಾವೇ ಒಪ್ಪಿ ಓದಿದವರಿಗೆ, ಆಮೇಲೆ ಅವನನ್ನು ಕಂಡು ನಿಜ ಹೇಳುವ ಅವಕಾಶವೂ ಇಲ್ಲದಿದ್ದಾಗ, ಅವನ ಮೇಲಿನ ಒಲವು ಎಲ್ಲರಿಗಿಂತ ಜಾಸ್ತಿ ಇಳಿಯಿತು. ನೋಯಿಸಿದ್ದು ಇವರು, ಕೆಟ್ಟವನಾಗಿದ್ದು ಅವನು! ಸರಿಮಾಡುವ ದಾರಿ ಇದ್ದವರಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ನಿಮಗೆ ಆ ದಾರಿ ಇನ್ನೂ ಮುಚ್ಚಿಲ್ಲ. ಚನ್ನಗಿರಿ ದೂರವೇನಲ್ಲ.

ಫೋನ್ ವಿಷಯ. ಶ್ರಾವಣದ ಮೇಲೆ ನೀವು ಅವನ ಜೊತೆ ಹೇಗೆ ಮಾತಾಡುತ್ತಿದ್ದೀರಿ ಅಂತ ಮನೆಯವರನ್ನು ಕೇಳಿ ನೋಡಿ. ನೀವು ಬಿಗಿಯಾದರೆ ಅವನು ದೂರವಾಗುತ್ತಾನೆ. ಅವನು ದೂರವಾದಷ್ಟೂ 'ನೋಡಿ, ನಾನು ಹೇಳಿರಲಿಲ್ವಾ' ಅನ್ನುತ್ತೀರಿ.

ಅಂಗಡಿಯವರು, ಖಾತೆ ಬರೆಯುವುದು ನಿಮಗೆ ಗೊತ್ತು. ತಮ್ಮನ ಒಂದೊಂದು ತಪ್ಪಿನ ಮುಂದೆ ಅದು ನಡೆದ ತಾರೀಖು, ನಿಮಗೆ ಸಿಟ್ಟು ಬಂದ ತಾರೀಖು ಬರೆಯಿರಿ. ಆಮೇಲೆ ಒಂದು ಭಾನುವಾರ ಊರಿಗೆ ಹೋಗಿ. 'ಆ ಎರಡು ರಾತ್ರಿ ನಾನು ಬರಬೇಕಿತ್ತು, ಬರಲಿಲ್ಲ' ಅನ್ನಿ. ಅದರ ಹಿಂದೆ 'ಆದರೆ ಸೀಸನ್ನು' ಅಂತ ಸೇರಿಸಬೇಡಿ.

ತಮ್ಮನದು ನಿಜವಾದ ತಪ್ಪೂ ಇರಬಹುದು. ತೋಟದ ಲೆಕ್ಕ ಕೇಳುವುದರಲ್ಲಿ ತಪ್ಪಿಲ್ಲ. ಅದನ್ನು ಆ ಭಾನುವಾರವೇ ಕೇಳಬೇಡಿ, ಅಷ್ಟೇ.