ತಂಗಿ "ನಂಗೆ ಸಿಎಸ್ (ಕಂಪ್ಯೂಟರ್ ಸೈನ್ಸ್) ತಲೆಗೆ ಹತ್ತಲ್ಲ" ಅಂತಿದಾಳೆ, ಕೋರ್ಸ್ ಬದಲಾಯಿಸೋದು ಒಳ್ಳೇದಾ?

ಫಸ್ಟ್ ಇಯರ್ ಸಿಎಸ್ ಲ್ಯಾಬ್ ನೋಡ್ಕೊಳ್ಳೋ ಕೆಲಸ ನಂದು, ಅದಕ್ಕೇ ಬರೀತಿದೀನಿ. ಕ್ಲಾಸಲ್ಲಿ ಉಳಿದೋರೆಲ್ಲ ಪಟಪಟ ಅಂತ ಕೋಡ್ ಬರೀತಾರೆ ಅಂತ ತಂಗಿ ಹೇಳಿದ್ಲು ಅಂದ್ರಲ್ಲ, ಆ ಪಟಪಟ ಪಾರ್ಟಿಗಳಲ್ಲಿ ತುಂಬಾ ಜನ ಸ್ಕೂಲಲ್ಲೇ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲ್ತು ಬಂದಿರ್ತಾರೆ, ಅದನ್ನೇ ಬುದ್ಧಿ ಅನ್ಕೊಂಡು ಹೊಸಬರು ಕುಗ್ಗಿ ಹೋಗ್ತಾರೆ. ಅಮೆರಿಕದ ಹಾರ್ವಿ ಮಡ್ ಕಾಲೇಜಲ್ಲಿ 2006ರ ಸುಮಾರಿಗೆ ಮೊದಲ ಕೋರ್ಸನ್ನೇ ಬದಲಾಯಿಸಿದ್ರು, ಮೊದಲೇ ಕೋಡಿಂಗ್ ಗೊತ್ತಿರೋರಿಗೆ ಒಂದು ಸೆಕ್ಷನ್, ಗೊತ್ತಿಲ್ಲದೋರಿಗೆ ಇನ್ನೊಂದು, ಜಾವಾ ಅನ್ನೋ ಇನ್ನೊಂದು ಭಾಷೆ ಬದಲು ಪೈಥಾನ್. ಸಿಎಸ್ ತಗೊಳ್ಳೋರಲ್ಲಿ ನೂರಕ್ಕೆ 10ರ ಆಸುಪಾಸು ಇದ್ದ ಹುಡುಗೀರು ಕೆಲವೇ ವರ್ಷದಲ್ಲಿ 40ರ ಹತ್ರ ಬಂದ್ರು (ಬೇರೆ ಬದಲಾವಣೆಗಳನ್ನೂ ಮಾಡಿದ್ರು, ಸೆಕ್ಷನ್ ಒಂದರಿಂದಲೇ ಅಂತಲ್ಲ). ಅಷ್ಟರಲ್ಲಿ ಹುಡುಗೀರ ತಲೆ ಏನೂ ಬದಲಾಗಿರಲ್ವಲ್ಲ.

ನಂಗೆ ಚಿಂತೆ ಆಗೋದು "ರನ್ ಆದ್ರೆ ಸಾಕು" ಅನ್ನೋರನ್ನ ನೋಡಿ. ಐದು ಸಬ್ಜೆಕ್ಟ್ ಮಾರ್ಕ್ಸ್ ಒಂದು ಲಿಸ್ಟಲ್ಲಿದೆ, ಕೂಡಿಸ್ಬೇಕು. ಪೈಥಾನಲ್ಲಿ ಎಣಿಕೆ ಶುರುವಾಗೋದು ಸೊನ್ನೆಯಿಂದ, ಅಂದ್ರೆ ಐದು ಮಾರ್ಕ್ಸ್ ಇರೋದು 0ಯಿಂದ 4ನೇ ಜಾಗದವರೆಗೆ. ಇವರು ಲೂಪನ್ನ (ಒಂದೊಂದೇ ಜಾಗಕ್ಕೆ ಹೋಗಿ ಅದೇ ಕೆಲಸ ಮತ್ತೆ ಮತ್ತೆ ಮಾಡೋ ಕೋಡ್) 1ರಿಂದ 5ರವರೆಗೆ ಓಡಿಸ್ತಾರೆ, ಅಲ್ಲಿ 5ನೇ ಇಂಡೆಕ್ಸೇ (ಜಾಗದ ನಂಬರ್) ಇಲ್ಲ, ಎರರ್ ಬರುತ್ತೆ. ಕೆಂಪಕ್ಷರ ಕಂಡಿದ್ದೇ ತಡ, ಓದೋಕೂ ಹೋಗ್ದೆ ಪಕ್ಕದೋರ ಸ್ಕ್ರೀನ್ ನೋಡ್ತಾರೆ, ಇಲ್ಲ ಎಐಗೆ ಪೇಸ್ಟ್ ಮಾಡ್ತಾರೆ, ಇಲ್ಲಾಂದ್ರೆ ಸುಮ್ನೆ ಒಂದು ಕಮ್ಮಿ ಮಾಡಿ 4ಕ್ಕೆ ನಿಲ್ಲಿಸ್ತಾರೆ. ಎರರ್ ಮಾಯ! "ಸರ್, ರನ್ ಆಯ್ತು." ಮೊದಲನೇ ಸಬ್ಜೆಕ್ಟ್ ಮಾರ್ಕ್ಸ್ ಲೆಕ್ಕಕ್ಕೇ ಬಂದಿಲ್ಲ, ಟೋಟಲ್ ತಪ್ಪು, ಅದನ್ನ ನಾನು ತೋರಿಸಿದ್ರೆ ಮುಖ ಸಣ್ಣಗಾಗುತ್ತೆ.

ಎರರ್ ಅಂದ್ರೆ ಅವಮಾನ ಅನ್ಕೊಂಡಿರೋದೇ ಇದಕ್ಕೆಲ್ಲ ಕಾರಣ ಅಂತ ನನ್ನ ಅನಿಸಿಕೆ. ಆದ್ರೆ ದೊಡ್ಡೋರ ಕೋಡಲ್ಲೂ ತಪ್ಪಿರುತ್ತೆ. ಜಾವಾ ಜೊತೆಗೇ ಬರೋ ಬೈನರಿ ಸರ್ಚ್ (ಕ್ರಮವಾಗಿ ಜೋಡಿಸಿದ ಪಟ್ಟಿನ ಅರ್ಧರ್ಧ ಮಾಡ್ಕೊಂಡು ಹುಡುಕೋ ವಿಧಾನ) ಕೋಡಲ್ಲೇ ವರ್ಷಗಟ್ಲೆ ಒಂದು ಬಗ್, ಅಂದ್ರೆ ತಪ್ಪು, ಕೂತಿತ್ತು, ಎರಡು ಸಂಖ್ಯೆ ಕೂಡಿಸಿ ಎರಡರಿಂದ ಭಾಗಿಸೋ ಸಾಲು ಅಷ್ಟೇ, ಮೊತ್ತ ತೀರಾ ದೊಡ್ಡದಾದ್ರೆ ನೆಗೆಟಿವ್ ಆಗ್ಬಿಡ್ತಿತ್ತು. ಅದನ್ನ ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಆ ಬಗ್ಗೆ ಎಲ್ಲರಿಗೂ ಗೊತ್ತಾಗೋ ಹಾಗೆ ಬರೆದ್ರು, ಮುಚ್ಚಿಡೋಕೆ ಹೋಗ್ಲಿಲ್ಲ.

ಕೋರ್ಸ್ ಬದಲಾಯಿಸೋ ಮಾತು ಈಗ್ಲೇ ಬೇಡ. ತಂಗಿ ಲ್ಯಾಪ್‌ಟಾಪ್ ಮುಂದೆ ಕೂತಾಗ ಸುಮ್ನೆ ಗಮನಿಸಿ, ಎರರ್ ಬಂದ್ರೆ ಕೊನೇ ಸಾಲು ಓದ್ತಾಳಾ, ರನ್ ಮಾಡೋಕ್ ಮುಂಚೆ ಉತ್ತರ ಎಷ್ಟು ಬರ್ಬೇಕು ಅಂತ ಪೇಪರಲ್ಲಿ ಬರ್ಕೊಳ್ತಾಳಾ ಅಂತ. ಇಲ್ಲಾಂದ್ರೆ ಮೊದ್ಲು ಅಷ್ಟು ರೂಢಿ ಮಾಡ್ಕೊಳ್ಳಲಿ, ಒಂದು ಸೆಮಿಸ್ಟರ್ ನೋಡಿ. ಸಂಬಳ ಜಾಸ್ತಿ ಅಂತ ಮನೇವರೇ ಸೇರಿಸಿ, ಅವಳಿಗೆ ಪ್ರೋಗ್ರಾಂ ಕಂಡ್ರೇ ಬೇಜಾರು ಅನ್ನೋದಾದ್ರೆ ಮಾತ್ರ ಅದು ಬೇರೆ ವಿಷಯ, ಅದನ್ನ ಅವಳ ಹತ್ರಾನೇ ಕೇಳಿ.