ಲೂಪಸ್ ಇದ್ದವರ ಕಣ್ಣು ಮಂಜಾದರೆ

ಬ್ಯಾಡಗಿಯ ಓದುಗರೊಬ್ಬರ ಪತ್ರ: "ತಂಗಿಗೆ ಆರು ವರ್ಷದಿಂದ ಲೂಪಸ್ ಇದೆ. ಐದು ದಿನದಿಂದ ಬಲಗಣ್ಣು ಮಂಜು, ಗುಡ್ಡೆ ಹೊರಳಿಸಿದರೆ ನೋವು. ಕನ್ನಡಕದ ಅಂಗಡಿಯವರು ನಂಬರ್ ಬದಲಾಗಿಲ್ಲ ಎಂದರು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ ಹೀಗಾಯಿತೇ? ನಿಲ್ಲಿಸಿ ಒಂದು ತಿಂಗಳು ನೋಡಲೇ?"

ಸಂಪಾದಕರ ಉತ್ತರ: ಒಂದು ತಿಂಗಳಲ್ಲ, ಒಂದು ದಿನವೂ ಕಾಯಬೇಡಿ. ನಿಮಗೆ ಫೋನಿನಲ್ಲೇ ತಿಳಿಸಿದ್ದೇವೆ. ಇಲ್ಲಿ ಬರೆಯುತ್ತಿರುವುದು ಉಳಿದ ಓದುಗರಿಗಾಗಿ.

ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ ತೊಂದರೆಯಾದರೆ ಅದು ಕಣ್ಣಿನ ಹಿಂಪರದೆಯಾದ ಅಕ್ಷಿಪಟಲಕ್ಕೆ. ಅದೂ ವರ್ಷಗಟ್ಟಲೆ ನುಂಗಿದ ಮೇಲೆ, ಎರಡೂ ಕಣ್ಣಿಗೆ, ನೋವಿಲ್ಲದೆ. ದಿನಕ್ಕೆ ಕಿಲೋ ತೂಕಕ್ಕೆ 5 ಮಿ.ಗ್ರಾಂ ಮೀರದಿದ್ದರೆ ಅಪಾಯ ಕಡಿಮೆ. ನೀವಾಗಿ ನಿಲ್ಲಿಸಿದರೆ ಲೂಪಸ್ಸೇ ಕೆರಳೀತು. ಒಂದೇ ಕಣ್ಣು, ನಾಲ್ಕೈದು ದಿನ, ಹೊರಳಿಸಿದರೆ ನೋವು ಎಂದರೆ ಮೊದಲು ಅನುಮಾನ ಪಡಬೇಕಾದ್ದು ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದ ಉರಿಯೂತವನ್ನು. ಊತ ಗುಡ್ಡೆಯ ಹಿಂದಿದ್ದರೆ ಕಣ್ಣೊಳಗೆ ಇಣುಕಿ ನೋಡಿದರೂ ಏನೂ ಕಾಣದು. ನಂಬರ್ ಪರೀಕ್ಷೆಯಲ್ಲಂತೂ ಸಿಗುವುದೇ ಇಲ್ಲ. ಒಂದೊಂದೇ ಕಣ್ಣು ಮುಚ್ಚಿ ನಿಮ್ಮೂರಿನ ಮೆಣಸಿನಕಾಯಿ ನೋಡಿಸಿ. ಕೆಟ್ಟ ಕಣ್ಣಿಗೆ ಆ ಕೆಂಪು ಮಾಸಿದಂತೆ ಕಂಡರೆ ಅನುಮಾನ ಗಟ್ಟಿ. ಮಾಸದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಲೂಪಸ್‌ನಲ್ಲಿ ನರದ ಹೊದಿಕೆ ಹಾಳಾಗುವುದಷ್ಟೇ ಅಲ್ಲ, ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳೂ ಕಟ್ಟಿಕೊಳ್ಳಬಹುದು. ಸತ್ತ ನರತಂತು ಮತ್ತೆ ಬೆಳೆಯದು. ಅವಸರ ಅದಕ್ಕೇ.

ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಂತೆ (ಹಿಂದೆ ಕಿಮ್ಸ್ ಎನ್ನುತ್ತಿದ್ದದ್ದು) ಕಣ್ಣು, ನರ, ಮೆಡಿಸಿನ್ ವಿಭಾಗಗಳು ಒಂದೇ ಕಡೆ ಇರುವಲ್ಲಿಗೆ ಹೋಗಿ. ಟಾರ್ಚ್ ಹಿಡಿದು ಪಾಪೆ ನೋಡುತ್ತಾರೆ, ಕಣ್ಣುಗೂಡು ಮತ್ತು ಮಿದುಳಿನ ಎಂಆರ್‌ಐ ಮಾಡಿಸುತ್ತಾರೆ. ಚಿತ್ರ ಸ್ಪಷ್ಟವಾಗಲೆಂದು ಚುಚ್ಚುವ ಕಾಂಟ್ರಾಸ್ಟ್ ದ್ರವ ಕೊಡುವ ಮೊದಲು ಮೂತ್ರಪಿಂಡದ ತೊಂದರೆ ಅಥವಾ ಗರ್ಭ ಇದ್ದರೆ ಹೇಳಿ. ರಕ್ತದಲ್ಲಿ ನರಕ್ಕೆ ಹಾನಿ ಮಾಡುವ ಅಕ್ವಾಪೋರಿನ್-4 ಮತ್ತು ಮಾಗ್ (MOG) ಪ್ರತಿಕಾಯಗಳು, ರಕ್ತ ಹೆಪ್ಪುಗಟ್ಟಿಸುವ ಫಾಸ್ಫೋಲಿಪಿಡ್ ಪ್ರತಿಕಾಯಗಳು ಇವೆಯೇ ಎಂಬ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ ನೋಡಿ. ಟಿಬಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ನಮ್ಮ ಕಡೆ ಬಿಡಲಾಗದ ಹೆಜ್ಜೆ. ಚಿಕಿತ್ಸೆಗೆಂದು ಉರಿಯೂತ ಇಳಿಸುವ ಸ್ಟಿರಾಯ್ಡ್ ಕೊಟ್ಟರೆ ಅಡಗಿದ ಸೋಂಕು ಏಳಬಹುದು.

ಸಾಮಾನ್ಯವಾಗಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 1 ಗ್ರಾಂ, 3ರಿಂದ 5 ದಿನ, ರಕ್ತನಾಳಕ್ಕೆ ಡ್ರಿಪ್ ಹಾಕಿ ಕೊಡುತ್ತಾರೆ. ಸಕ್ಕರೆ, ಬಿಪಿ ನೋಡುತ್ತಾ ಆಸ್ಪತ್ರೆಯಲ್ಲೇ. ಆಮೇಲೆ ಸ್ಟಿರಾಯ್ಡ್ ಮಾತ್ರೆ, ವಾರಗಳಲ್ಲಿ ಇಳಿಸುತ್ತಾ. ಜೊತೆಗೆ ಲೂಪಸ್‌ನ ಔಷಧವನ್ನೂ ಬಲಪಡಿಸುತ್ತಾರೆ. ಡ್ರಿಪ್ ಬಿಟ್ಟು ಮೆಡಿಕಲ್ ಶಾಪಿನ ಪ್ರೆಡ್ನಿಸೊಲೋನ್ ಮಾತ್ರೆಯಲ್ಲೇ ಮುಗಿಸುವ ಯೋಚನೆ ಬೇಡ. ಕಾರಣ ತಿಳಿಯದ ದೃಷ್ಟಿನರ ಉರಿಯೂತದ ಬಗ್ಗೆ 1992ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಬರೀ ಮಾತ್ರೆ ಪಡೆದವರಿಗೆ ಕಾಯಿಲೆ ಮರುಕಳಿಸಿದ್ದೇ ಹೆಚ್ಚು. ಇನ್ನು, ಕಣ್ಣು ಕಂಡಿತೆಂದು ಎರಡನೇ ವಾರಕ್ಕೇ ಮಾತ್ರೆ ಬಿಡುವವರೂ ಇದ್ದಾರೆ. ಹೀಗೆ ಥಟ್ಟನೆ ಬಿಟ್ಟರೆ ರೋಗ ಮರಳುವುದಲ್ಲದೆ ಬಿಪಿ ಕುಸಿದು ಜೀವಕ್ಕೂ ಅಪಾಯ.

ಇನ್ನೊಂದು ಕಣ್ಣೂ ಮಂಜಾದರೆ, ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಆಗ ಪ್ಲಾಸ್ಮಾ ಬದಲಾವಣೆಯೂ (ರಕ್ತದ ದ್ರವಭಾಗ ತೆಗೆದು ಬದಲಿ ದ್ರವ ತುಂಬುವ ಚಿಕಿತ್ಸೆ) ಬೇಕಾಗಬಹುದು.