ಎಚ್-ಇಂಡೆಕ್ಸ್ 18 ಇರೋ ಮಾಲಿಕ್ಯುಲರ್ ಬಯಾಲಜಿಸ್ಟ್ ಕೆಲಸ 52 ಇರೋರ ಕೆಲಸಕ್ಕಿಂತ ಚಿಕ್ಕದಾ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ: ಪಿಎಚ್‌ಡಿಗೆ ಇಬ್ಬರು ಮಾಲಿಕ್ಯುಲರ್ ಬಯಾಲಜಿಸ್ಟ್‌ಗಳ ಲ್ಯಾಬ್ ನೋಡಿಟ್ಕೊಂಡಿದೀರಿ, ಇಬ್ಬರೂ ಹೆಚ್ಚು ಕಮ್ಮಿ 20 ವರ್ಷದಿಂದ ರಿಸರ್ಚ್ ಮಾಡ್ತಿದಾರೆ, ಒಬ್ಬರ ಎಚ್-ಇಂಡೆಕ್ಸ್ 52, ಇನ್ನೊಬ್ಬರದ್ದು 18. ನಿಮ್ಮ ಮನಸ್ಸು 18 ಇರೋರ ವಿಷಯದ ಕಡೆಗೇ ಎಳೀತಿದೆ, ಆದ್ರೆ ಇಷ್ಟು ವರ್ಷದಲ್ಲಿ ಅವರು ಏನೂ ದೊಡ್ಡದು ಮಾಡಿಲ್ವೇನೋ ಅನ್ನೋ ಹೆದರಿಕೆ. ನಾನು ಯೀಸ್ಟ್ ಮೇಲೆ ಪಿಎಚ್‌ಡಿ ಮಾಡಿದವನು, ಈಗಲೂ ಬೆಂಚ್ ಕೆಲಸಾನೇ, ಅಂದ್ರೆ ಲ್ಯಾಬ್‌ನಲ್ಲಿ ಕೈಯಾರೆ ಪ್ರಯೋಗ ಮಾಡ್ತಿದೀನಿ, ನಾನು ಸೇರಿದಾಗ ನನ್ನ ಗೈಡ್ ಎಚ್-ಇಂಡೆಕ್ಸ್ 20 ದಾಟಿರಲಿಲ್ಲ. ಅದಕ್ಕೇ ಈ ಪ್ರಶ್ನೆ ನೋಡಿ ಸುಮ್ನೆ ಮುಂದೆ ಹೋಗೋಕಾಗ್ಲಿಲ್ಲ.

ಮೊದಲು ಆ ನಂಬರ್ ಏನು ಹೇಳತ್ತೆ ಅಂತ ನೋಡಿಬಿಡೋಣ. 2005ರಲ್ಲಿ ಹಿರ್ಶ್ ಅನ್ನೋ ಭೌತವಿಜ್ಞಾನಿ ಇದನ್ನ ಹೊರಗೆ ತಂದ್ರು. 52 ಅಂದ್ರೆ ಅವರ ಹೆಸರಿರೋ 52 ಪೇಪರ್‌ಗಳಿಗೆ ತಲಾ ಕನಿಷ್ಠ 52 ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಬಂದಿದೆ ಅಂತ, ಅಷ್ಟೇ. ಅದರಲ್ಲಿ ಅವರು ಫಸ್ಟ್ ಆಥರಾ, ಲಾಸ್ಟ್ ಆಥರಾ, ನೂರು ಜನರ ಮಧ್ಯೆ ಎಲ್ಲೋ ಹೆಸರಿದೆಯಾ ಅನ್ನೋದು ಅದಕ್ಕೆ ಗೊತ್ತಾಗಲ್ಲ. ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಕೈಯಾರೆ ಕೆಲಸ ಮಾಡಿದವರ ಹೆಸರು ಮೊದಲು ಬರತ್ತೆ, ಲ್ಯಾಬ್ ನಡೆಸೋರ ಹೆಸರು ಕೊನೇಲಿ ಬರತ್ತೆ, ಆದ್ದರಿಂದ ಜಾಗ ನೋಡದೆ ಲೆಕ್ಕ ಹಾಕಿದ್ರೆ ಅರ್ಧ ಮಾಹಿತಿ ಕಳ್ಕೊಂಡ ಹಾಗೆ. ಆಗಲೇ ಆಗಿರೋ ಕೆಲಸಗಳನ್ನ ಒಟ್ಟಿಗೆ ಸೇರಿಸಿ ಬರೆಯೋ ರಿವ್ಯೂ ಲೇಖನಗಳಿಗೆ ಸೈಟೇಶನ್ ಜಾಸ್ತಿ ಬರತ್ತೆ, ಕ್ಯಾನ್ಸರ್ ಥರ ಸಾವಿರಾರು ಲ್ಯಾಬ್ ಇರೋ ವಿಷಯದಲ್ಲಿ ಸಾಧಾರಣ ಪೇಪರಿಗೂ ಬರತ್ತೆ, ಅದೇ ಪ್ರಪಂಚದಲ್ಲೆಲ್ಲ ಸೇರಿಸಿ 30 ಲ್ಯಾಬ್ ಮಾತ್ರ ಇರೋ ವಿಷಯದಲ್ಲಿ ಎಷ್ಟೇ ಚೆನ್ನಾಗಿ ಕೆಲಸ ಮಾಡಿದ್ರೂ ಸೈಟ್ ಮಾಡೋಕೆ ಜನ ಬೇಕಲ್ಲ. ಇನ್ನೊಂದು, ಇದು ಏರತ್ತೆ, ಇಳಿಯಲ್ಲ. ಹತ್ತು ವರ್ಷದಿಂದ ಹೊಸ ಯೋಚನೆ ಏನೂ ಬರದೇ ಇದ್ರೂ ಹಳೇ ಪೇಪರ್‌ಗಳ ಬಲದ ಮೇಲೆ ಮೇಲಕ್ಕೆ ಹೋಗ್ತಾನೇ ಇರತ್ತೆ.

ಸೈಟೇಶನ್ ಅಂದ್ರೆ ಏನು ಅಂತ ನನಗೆ ನಿಜವಾಗಿ ಅರ್ಥ ಆಗಿದ್ದು ಲೌರಿ ಪೇಪರಿಂದ. ಪ್ರೋಟೀನ್ ಎಷ್ಟಿದೆ ಅಂತ ಅಳೆಯೋಕೆ ಸ್ಯಾಂಪಲ್‌ಗೆ ರೀಏಜೆಂಟ್ ಹಾಕಿ ಅರ್ಧ ಗಂಟೆ ಬಿಟ್ಟು ನೀಲಿ ಬಣ್ಣ ಎಷ್ಟು ಗಾಢವಾಗಿದೆ ಅಂತ ನೋಡ್ತೀವಲ್ಲ, ಡಿಗ್ರಿ ಪ್ರಾಕ್ಟಿಕಲ್‌ನಲ್ಲಿ ನೀವೂ ಮಾಡಿರ್ತೀರಿ, ಆಲಿವರ್ ಲೌರಿ ಮತ್ತೆ ಅವರ ಜೊತೆಯವರು 1951ರಲ್ಲಿ ಪ್ರಕಟಿಸಿದ ವಿಧಾನ ಅದು. ಇಡೀ ವಿಜ್ಞಾನದಲ್ಲೇ ಅತಿ ಹೆಚ್ಚು ಸೈಟ್ ಆದ ಪೇಪರ್ ಅದೇ ಅಂತ 2014ರಲ್ಲಿ ಲೆಕ್ಕ ಹಾಕಿದಾಗ ಸಿಕ್ತು, 3 ಲಕ್ಷಕ್ಕೂ ಜಾಸ್ತಿ. ಎರಡನೇದು ಲೆಮ್ಲಿ 1970, ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರೆ ಮಾಡೋಕೆ ಜೆಲ್ ಓಡಿಸೋ ವಿಧಾನ. ಮೂರನೇದು ಬ್ರಾಡ್‌ಫೋರ್ಡ್ 1976, ಮತ್ತೆ ಪ್ರೋಟೀನ್ ಅಳೆಯೋದೇ. ಡಿಎನ್‌ಎ ಎರಡೆಳೆ ಸುರುಳಿ ಅಂತ ತೋರಿಸಿದ ವಾಟ್ಸನ್ ಕ್ರಿಕ್ 1953ರ ಪೇಪರ್ ಆ ಪಟ್ಟಿಯ ಮೊದಲ ನೂರರಲ್ಲೂ ಇರಲಿಲ್ಲ! ತಮ್ಮ ಆ ಪೇಪರ್ ಅಂಥ ಮಹಾನ್ ಪೇಪರ್ ಏನಲ್ಲ ಅಂತ ಲೌರಿ ಅವರೇ ಒಪ್ಕೊಂಡಿದ್ರು. ಹಾಗಂತ ವಿಧಾನ ಕಂಡುಹಿಡಿಯೋದು ಕೆಳಗಿನ ಕೆಲಸ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಆ ಪಟ್ಟೀಲಿ ನಾಲ್ಕನೇ ಸ್ಥಾನದಲ್ಲಿದ್ದಿದ್ದು ಫ್ರೆಡ್ ಸ್ಯಾಂಗರ್ 1977ರ ಡಿಎನ್‌ಎ ಸೀಕ್ವೆನ್ಸಿಂಗ್ (ಅಕ್ಷರಗಳ ಕ್ರಮ ಓದೋ) ವಿಧಾನ, ಆ ಮನುಷ್ಯನಿಗೆ ಕೆಮಿಸ್ಟ್ರಿ ನೊಬೆಲ್ ಎರಡು ಸಲ ಬಂತು, 1958ರಲ್ಲಿ ಇನ್ಸುಲಿನ್ ಸೀಕ್ವೆನ್ಸ್‌ಗೆ, 1980ರಲ್ಲಿ ಇದಕ್ಕೆ, ಮಾನವ ಜೀನೋಮ್ ಓದಿದ್ದು ಅದೇ ವಿಧಾನ ಬಳಸಿ. ನಾನು ಹೇಳ್ತಿರೋದು ಇಷ್ಟೇ, ನಂಬರ್ ದೊಡ್ಡದಿದ್ರೆ ತುಂಬಾ ಜನ ಬಳಸ್ತಿದಾರೆ ಅಂತ ಗೊತ್ತಾಗತ್ತೆ, ಯಾವುದಕ್ಕೆ ಬಳಸ್ತಿದಾರೆ ಅಂತ ಗೊತ್ತಾಗೋಕೆ ಪೇಪರ್ ತೆಗೆದು ಓದಬೇಕು.

ಅಲ್ಲಿಂದ ನಾನು ಒಂದು ಅಭ್ಯಾಸ ಮಾಡ್ಕೊಂಡೆ. ಯಾರದ್ದಾದ್ರೂ ಕೆಲಸ ಎಷ್ಟು ಗಟ್ಟಿ ಅಂತ ತಿಳ್ಕೋಬೇಕಂದ್ರೆ ಅವರ ಒಂದು ಪೇಪರ್ ತಗೊಂಡು, ಅದನ್ನ ಸೈಟ್ ಮಾಡಿರೋ ಹತ್ತು ಪೇಪರ್ ತೆರೆದು, ಎಲ್ಲಿ ಸೈಟ್ ಮಾಡಿದಾರೆ ಅಂತ ಹುಡುಕ್ತೀನಿ. ಇಂಟ್ರೊಡಕ್ಷನ್ ಮೊದಲ ಪ್ಯಾರಾದಲ್ಲಿ ಒಂದೇ ವಾಕ್ಯಕ್ಕೆ ಆರು ರೆಫರೆನ್ಸ್ ಜೊತೆ ಸಿಕ್ಕಿಸಿದ್ರೆ ಅದು ನಮಸ್ಕಾರ ಹೇಳಿ ಮುಂದೆ ಹೋದ ಹಾಗೆ. ಮೆಥಡ್ಸ್‌ನಲ್ಲಿ ಇಂಥವರ ಸ್ಟ್ರೇನ್ (ಜೀವಿಯ ತಳಿ), ಇಂಥವರ ಪ್ಲಾಸ್ಮಿಡ್ (ಜೀನ್ ಹೊತ್ತೊಯ್ಯೋ ಡಿಎನ್‌ಎ ಉಂಗುರ) ಬಳಸಿದೀವಿ ಅಂತಿದ್ರೆ ಆ ಕೆಲಸ ಇನ್ನೊಬ್ಬರ ಕೈಲೂ ನಡೆದಿದೆ ಅಂತರ್ಥ. ರಿಸಲ್ಟ್ಸ್ ಭಾಗದಲ್ಲೇ, ಇವರು ಹೀಗಂದಿದ್ರು, ನಾವು ಬೇರೆ ದಾರೀಲಿ ನೋಡಿದ್ವಿ, ಹಾಗೇ ಬಂತು ಅಂತ ಬರೆದಿದ್ರೆ ನನ್ನ ಪ್ರಕಾರ ಅಂಥ ಒಂದು ಸೈಟೇಶನ್ ಇಂಟ್ರೊಡಕ್ಷನ್‌ನ ಐವತ್ತಕ್ಕೆ ಸಮ. ಇದಕ್ಕೆ ಒಂದು ಸಂಜೆ ಸಾಕು, ನೀವು ಐದು ವರ್ಷ ಕೊಡೋಕೆ ಹೊರಟಿದೀರಿ, ಒಂದು ಸಂಜೆ ಕೊಡಿ.

ಕಾಲದ ಮಾತು ಬೇರೆ ಇದೆ. ವಿಕ್ಟರ್ ಆಂಬ್ರೋಸ್ ಮತ್ತೆ ಗ್ಯಾರಿ ರವ್‌ಕನ್ ಅಂತ ಇಬ್ಬರು ಸಿ ಎಲಿಗನ್ಸ್ ಅನ್ನೋ ಒಂದು ಮಿಲಿಮೀಟರ್ ಉದ್ದದ ಹುಳದ ಮೇಲೆ ಕೆಲಸ ಮಾಡ್ತಿದ್ರು. ಪ್ರಶ್ನೆ ಏನಪ್ಪಾ ಅಂದ್ರೆ, ಬೆಳೆಯೋ ಹುಳಕ್ಕೆ ಯಾವ ಹಂತ ಯಾವಾಗ ಮುಗಿಸಬೇಕು ಅಂತ ಹೇಗೆ ಗೊತ್ತಾಗತ್ತೆ. ಲಿನ್-4 ಜೀನ್ ಕೆಟ್ಟ ಹುಳ ಮೊದಮೊದಲ ಹಂತಗಳನ್ನೇ ಮತ್ತೆ ಮತ್ತೆ ಮಾಡ್ತಿತ್ತು, ಲಿನ್-14 ಕೆಲಸ ನಿಂತ ಹುಳ ಹಂತಗಳನ್ನ ಹಾರಿಬಿಡ್ತಿತ್ತು. ಆಂಬ್ರೋಸ್ ಲ್ಯಾಬ್‌ನಲ್ಲಿ ಲಿನ್-4 ಹುಡುಕ್ತಾ ಹುಡುಕ್ತಾ ಹೋದ್ರೆ ಕೊನೆಗೆ ಸಿಕ್ಕಿದ್ದು ಪ್ರೋಟೀನ್ ಮಾಡೋ ಜೀನೇ ಅಲ್ಲ, ಬರೀ 22 ಅಕ್ಷರದ ಪುಟ್ಟ ಆರ್‌ಎನ್‌ಎ. ರವ್‌ಕನ್ ಹತ್ರ ಇದ್ದ ಲಿನ್-14 ಸೀಕ್ವೆನ್ಸ್ ಜೊತೆ ಇಟ್ಟು ನೋಡಿದ್ರೆ ಅದರ ಬಾಲದ ಭಾಗಕ್ಕೆ ಇದು ಹೊಂದ್ಕೊಳ್ತಿತ್ತು, ಅಂದ್ರೆ ಆ ಪುಟ್ಟ ಆರ್‌ಎನ್‌ಎ ಹೋಗಿ ಅಂಟ್ಕೊಂಡು ಪ್ರೋಟೀನ್ ಆಗೋದನ್ನ ತಡೀತಿದೆ. 1993ರಲ್ಲಿ ಎರಡೂ ಪೇಪರ್ ಒಂದೇ ಸಂಚಿಕೇಲಿ ಬಂದ್ವು, ಮತ್ತೆ ಸುಮಾರು ಏಳು ವರ್ಷ ಹೆಚ್ಚಿನ ಜನ ಇದು ಹುಳದ್ದೇ ಏನೋ ವಿಚಿತ್ರ ಅಂದ್ಕೊಂಡು ಬಿಟ್ಬಿಟ್ರು. 2000ದಲ್ಲಿ ರವ್‌ಕನ್ ಲ್ಯಾಬ್ ಲೆಟ್-7 ಅನ್ನೋ ಅಂಥದ್ದೇ ಇನ್ನೊಂದು ಪುಟ್ಟ ಆರ್‌ಎನ್‌ಎ ಕಂಡುಹಿಡಿದು ಅದು ಮನುಷ್ಯರಲ್ಲೂ ಇದೆ ಅಂತ ತೋರಿಸಿದ ಮೇಲೆ ಎಲ್ಲರೂ ತಮ್ಮ ತಮ್ಮ ಜೀವಿಗಳಲ್ಲಿ ಹುಡುಕೋಕೆ ಶುರು ಮಾಡಿದ್ರು, ಮೈಕ್ರೋಆರ್‌ಎನ್‌ಎ ಅನ್ನೋ ಕ್ಷೇತ್ರವೇ ಹುಟ್ಕೊಂಡಿತು, 2024ರಲ್ಲಿ ನೊಬೆಲ್. ಈಗ ನೀವು 1997ರಲ್ಲಿ ಇದ್ದೀರಿ ಅಂದ್ಕೊಳ್ಳಿ, ಬರೀ ನಂಬರ್ ನೋಡಿ ಆರಿಸ್ತಿದ್ರೆ ಆಂಬ್ರೋಸ್ ಲ್ಯಾಬ್‌ಗೆ ಸೇರ್ತಿದ್ರಾ? ಆದ್ರೆ ಅವರ ಪೇಪರ್‌ಗಳನ್ನ ವರ್ಷದ ಪ್ರಕಾರ ಓದ್ಕೊಂಡು ಬಂದಿದ್ರೆ ಒಂದೇ ಪ್ರಶ್ನೆ ಹಿಡ್ಕೊಂಡು ಪ್ರತಿ ಸಲ ಒಂದು ಮೆಟ್ಟಿಲು ಆಳಕ್ಕಿಳೀತಿರೋದು ಆವಾಗಲೇ ಕಾಣಿಸ್ತಿತ್ತು.

ಬಾರ್ಬರಾ ಮೆಕ್ಲಿಂಟಾಕ್ ಕಥೆ ನಿಮಗೆ ಗೊತ್ತಿರಬಹುದು, ಮೆಕ್ಕೆಜೋಳದಲ್ಲಿ ಜಾಗ ಬದಲಾಯಿಸೋ ಜೀನ್‌ಗಳು, 1950ರ ಪೇಪರ್, 1983ರಲ್ಲಿ 81ನೇ ವಯಸ್ಸಲ್ಲಿ ನೊಬೆಲ್. ಎಲ್ಲರೂ ಆ ಉದಾಹರಣೆ ಕೊಡ್ತಾರೆ ಅಂತ ನಾನು ಅಲ್ಲಿ ನಿಲ್ಲಲ್ಲ. ಕಡಿಮೆ ಸೈಟೇಶನ್ ಇರೋರೆಲ್ಲ ಮೆಕ್ಲಿಂಟಾಕ್ ಅಲ್ಲ ಅನ್ನೋದೂ ಅಷ್ಟೇ ನಿಜ. 18 ಇರೋದು ಕೆಲಸ ನಿಂತುಹೋಗಿದ್ದಕ್ಕೂ ಆಗಿರಬಹುದು.

ಈಗ ನನ್ನ ಗೈಡ್ ವಿಷಯ, ನಿಮಗೆ ಹೇಳಬೇಕು ಅಂತಿದ್ದಿದ್ದು ಇದೇ. ನಾನು ಮೂರನೇ ವರ್ಷದಲ್ಲಿದ್ದೆ. ಲ್ಯಾಬ್‌ನ ಒಂದು ಹಳೇ ಪೇಪರ್ ಇತ್ತು, ಮೇಡಂಗೆ ಅತಿ ಹೆಚ್ಚು ಸೈಟೇಶನ್ ತಂದಿದ್ದು ಅದೇ, ಒಂದು ಜೀನ್ ತೆಗೆದ್ರೆ ಯೀಸ್ಟ್ ನಿಧಾನ ಬೆಳೆಯತ್ತೆ, ಯಾಕೆ ಅಂತ. ನಾನು ಅದೇ ಸ್ಟ್ರೇನ್ ತಗೊಂಡು ಇನ್ನೊಂದರ ಜೊತೆ ಕ್ರಾಸ್ ಮಾಡಿ ಟೆಟ್ರಾಡ್ ಡಿಸೆಕ್ಟ್ ಮಾಡ್ದೆ. ಅಂದ್ರೆ ಯೀಸ್ಟ್‌ನ ನಾಲ್ಕು ಸ್ಪೋರ್ ಒಂದೇ ಚೀಲದಲ್ಲಿ ಇರತ್ತೆ, ಮೈಕ್ರೋಸ್ಕೋಪ್ ಕೆಳಗೆ ಕೂದಲಿನಷ್ಟು ಸಣ್ಣ ಗಾಜಿನ ಸೂಜೀಲಿ ಒಂದೊಂದೇ ಬೇರೆ ಮಾಡಿ ಪ್ಲೇಟ್ ಮೇಲೆ ಸಾಲಾಗಿ ಇಡ್ತೀವಿ, ಎರಡು ಮೂರು ದಿನಕ್ಕೆ ನಾಲ್ಕು ಕಾಲನಿ ಬರತ್ತೆ. ಜೀನ್ ತೆಗೆದ ಜಾಗದಲ್ಲಿ ಆಂಟಿಬಯೋಟಿಕ್ ತಡ್ಕೊಳ್ಳೋ ಮಾರ್ಕರ್ ಇರತ್ತೆ, ಹಾಗಾಗಿ ಆಂಟಿಬಯೋಟಿಕ್‌ನಲ್ಲಿ ಬದುಕೋ, ನಾಲ್ಕರಲ್ಲಿ ಎರಡೇ ನಿಧಾನ ಬೆಳೀಬೇಕು. ನನ್ನ ಪ್ಲೇಟಲ್ಲಿ ಹಾಗೆ ಬರ್ಲಿಲ್ಲ. ಮಾರ್ಕರ್ ಇರೋ ಕೆಲವು ಚೆನ್ನಾಗೇ ಬೆಳೆದಿದ್ವು, ಮಾರ್ಕರ್ ಇಲ್ಲದ ಕೆಲವು ನಿಧಾನ. ಸ್ಟ್ರೇನ್‌ನಲ್ಲಿ ಎಲ್ಲೋ ಎರಡನೇ ಮ್ಯೂಟೇಶನ್ (ಡಿಎನ್‌ಎ ಬದಲಾವಣೆ) ಇದೆ ಅಂತರ್ಥ, ಹತ್ತು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿಲ್ಲ.

ಮೇಡಂಗೆ ಹೇಳೋಕೆ ನಾನು ನಾಲ್ಕು ದಿನ ತಗೊಂಡೆ, ಅಷ್ಟು ಭಯ. ಅವರು ಪ್ಲೇಟ್ ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿದ್ರು, ಏನೂ ಮಾತಾಡ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾನು ಬರೋಷ್ಟರಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ತಾವೇ 40 ಟೆಟ್ರಾಡ್ ಡಿಸೆಕ್ಟ್ ಮಾಡ್ತಿದ್ರು, ಎಷ್ಟೋ ವರ್ಷದಿಂದ ಅವರು ಬೆಂಚ್ ಮೇಲೆ ಕೂತಿರಲಿಲ್ಲ. ಅದೇ ಬಂತು. ಆಮೇಲೆ ಅವರು ಮಾಡಿದ್ದು, ಆ ಸ್ಟ್ರೇನ್ ತಗೊಂಡು ಹೋಗಿದ್ದ 14 ಲ್ಯಾಬ್‌ಗಳ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಬೇರೆ ಬೇರೆ ಮೇಲ್ ಬರೆದ್ರು, ಏನು ತಪ್ಪಿದೆ, ನಿಮ್ಮ ಯಾವ ಪ್ರಯೋಗಕ್ಕೆ ತೊಂದರೆ ಆಗಿರಬಹುದು ಅಂತ. ಆರು ತಿಂಗಳು ಕೂತು ಶುದ್ಧ ಸ್ಟ್ರೇನ್ ಮಾಡಿ ಎಲ್ಲಾ ಫಿಗರ್ ಮತ್ತೆ ಮಾಡಿಸಿದ್ರು, ಒಂದು ಬಿದ್ದುಹೋಯ್ತು, ಉಳಿದವು ನಿಂತ್ವು, ಜರ್ನಲ್‌ಗೆ ಕರೆಕ್ಷನ್ ಹೋಯ್ತು. ಒಂದು ಲ್ಯಾಬ್‌ನ ಹುಡುಗಿ ವಾಪಸ್ ಬರೆದಿದ್ಲು, ಒಂದೂವರೆ ವರ್ಷದಿಂದ ನನ್ನ ಪ್ರಯೋಗ ಯಾಕೆ ಕೂಡ್ತಿಲ್ಲ ಅಂತ ಗೊತ್ತಾಗದೆ ಪಿಎಚ್‌ಡಿ ಬಿಡೋಣ ಅಂತಿದ್ದೆ, ನಿಮ್ಮ ಮೇಲ್ ಬಂತು ಅಂತ. ಮೇಡಂ ಆ ಮೇಲನ್ನ ಪ್ರಿಂಟ್ ತೆಗೆದು ಫ್ರೀಜರ್ ಮೇಲೆ ಅಂಟಿಸಿದ್ರು. ಆ ವರ್ಷ ಲ್ಯಾಬ್‌ನಿಂದ ಬೇರೆ ಯಾವ ಪೇಪರೂ ಬರ್ಲಿಲ್ಲ, ಗ್ರಾಂಟ್ ರಿನ್ಯೂ ಆಗ್ಲಿಲ್ಲ, ಪ್ರಕಟಣೆ ಕಮ್ಮಿ ಅಂತ ಕಾರಣ ಬರೆದಿದ್ರು. ನನಗೆ ಈಗಲೂ ನೆನೆಸ್ಕೊಂಡ್ರೆ ಸಂಕಟ ಆಗತ್ತೆ. ಅವರ ಪ್ರೊಫೈಲ್ ತೆರೆದು ನೋಡಿದ್ರೆ ಆ ಕರೆಕ್ಷನ್ ಎದುರು ಸೈಟೇಶನ್ 5 ಅಂತಿದೆ. ಅವರ ಜೀವಮಾನದ ಅತಿ ಮುಖ್ಯ ಕೆಲಸಗಳಲ್ಲಿ ಅದೊಂದು ಅಂತ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಆ ಶುದ್ಧ ಸ್ಟ್ರೇನ್ ಕೇಳ್ಕೊಂಡು ಈಗಲೂ ಮೇಲ್ ಬರತ್ತೆ, ಅವರು ರಿಟೈರ್ ಆದ ಮೇಲೆ ಕಳಿಸೋ ಕೆಲಸ ನಂದು.

ಹಾಗಾಗಿ ನೀವು ಮಾಡಬೇಕಾದ್ದು ನನಗೆ ಅನ್ನಿಸೋದು ಇದು. ಇಬ್ಬರದ್ದೂ ಲಾಸ್ಟ್ ಆಥರ್ ಆಗಿರೋ ರಿಸರ್ಚ್ ಪೇಪರ್ ಮಾತ್ರ ತೆಗೀರಿ, ರಿವ್ಯೂ ಬಿಡಿ, ಅದರಲ್ಲೂ ಕಳೆದ ಐದಾರು ವರ್ಷದ್ದನ್ನ ಬೇರೆ ಇಡಿ. ಅಷ್ಟು ಮಾಡಿದ್ಮೇಲೆ 52ಕ್ಕೂ 18ಕ್ಕೂ ಇರೋ ಅಂತರ ಎಷ್ಟು ಉಳಿಯತ್ತೆ ನೋಡಿ, ಕೆಲವೊಮ್ಮೆ ಪೂರ್ತಿ ಉಳಿಯತ್ತೆ, ಆಗ 52 ಇರೋರು ನಿಜವಾಗ್ಲೂ ದೊಡ್ಡ ಕೆಲಸ ಮಾಡಿದಾರೆ, ಅದನ್ನ ಗೌರವದಿಂದ ಒಪ್ಕೋಬೇಕು. ಆಮೇಲೆ ಮೇಲೆ ಹೇಳಿದ ಥರ ಸೈಟೇಶನ್ ಎಲ್ಲಿ ಬಿದ್ದಿದೆ ಅಂತ ನೋಡಿ. ಫಸ್ಟ್ ಆಥರ್ ಆಗಿದ್ದ ಹಳೇ ಸ್ಟೂಡೆಂಟ್‌ಗಳು ಈಗ ಎಲ್ಲಿದಾರೆ ಅಂತ ಹುಡುಕಿ, ಅವರಲ್ಲಿ ಇಬ್ಬರು ಮೂವರಿಗೆ ಮೇಲ್ ಮಾಡಿ. ಗೈಡ್ ಹೇಗೆ ಅಂತ ಕೇಳಿದ್ರೆ ಎಲ್ಲರೂ ಒಳ್ಳೆಯವರು ಅಂತಾನೇ ಅಂತಾರೆ, ಆ ಪ್ರಶ್ನೆ ಬೇಡ. ರಿಸಲ್ಟ್ ಅವರು ಅಂದ್ಕೊಂಡ ಹಾಗೆ ಬರದೇ ಇದ್ದಾಗ ಏನು ಮಾಡಿದ್ರು ಅಂತ ಕೇಳಿ, ಆಮೇಲೆ ಉತ್ತರ ಬರೋಕೆ ಎಷ್ಟು ದಿನ ಆಗತ್ತೆ ಅನ್ನೋದನ್ನೂ ಗಮನಿಸಿ. ನನ್ನನ್ನ ಯಾರಾದ್ರೂ ಮೇಡಂ ಬಗ್ಗೆ ಹಾಗೆ ಕೇಳಿದ್ರೆ ಅದೇ ದಿನ ಬರೀತೀನಿ.